ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್

ಆಪರೇಷನ್ ಎಂದರೆ ಸಾವೇ ಎಂದು ಜನ ನಡುಗುತ್ತಿದ್ದ ಕಾಲವೊಂದಿತ್ತು. ಶಸ್ತ್ರಕ್ರಿಯೆ ಸರಿಯಾಗಿ ನಡೆದರೂ ನಾಲ್ಕಾರು ದಿನಗಳಲ್ಲಿ ಗಾಯ ಕೀವಾಗಿ, ಜ್ವರವೇರಿ ಎಷ್ಟೋ ರೋಗಿಗಳು ಸಾಯುತ್ತಿದ್ದರು. ಈ ಭಯವನ್ನು ನೀಗಿದವರಲ್ಲಿ ಜೋಸೆಫ್ ಲಿಸ್ಟರ್ ಅಗ್ರಗಣ್ಯರು.

ಅವರು 1827ರ ಏಪ್ರಿಲ್ 5ರಂದು ಇಂಗ್ಲೆಂಡಿನ ಅಪ್ಟನ್‌ನಲ್ಲಿ ಜನಿಸಿದರು. ತಂದೆ ವ್ಯಾಪಾರಿಯಾಗಿದ್ದರೂ ಸೂಕ್ಷ್ಮದರ್ಶಕವನ್ನು ಸುಧಾರಿಸಿದ ವಿದ್ವಾಂಸರು. ಮಗನಿಗೂ ಸೂಕ್ಷ್ಮವಾಗಿ ನೋಡುವ ಗುಣ ಬಂದಿತು. 1860ರಲ್ಲಿ ಲಿಸ್ಟರ್ ಗ್ಲಾಸ್ಗೊದಲ್ಲಿ ಪ್ರಾಧ್ಯಾಪಕರಾದರು. ಕೆಟ್ಟ ಗಾಳಿಯಿಂದ ಗಾಯ ಕೊಳೆಯುತ್ತದೆಂದು ಆಗಿನ ವೈದ್ಯರು ನಂಬಿದ್ದರು. ಕೊಳೆಯುವಿಕೆಗೆ ಸೂಕ್ಷ್ಮಜೀವಿಗಳೇ ಕಾರಣವೆಂಬ ಪಾಶ್ಚರರ ಸಂಶೋಧನೆಯನ್ನು ಓದಿದ ಲಿಸ್ಟರರಿಗೆ ದಾರಿ ಹೊಳೆಯಿತು.

1865ರ ಆಗಸ್ಟ್‌ನಲ್ಲಿ ಗಾಡಿಯ ಚಕ್ರ ಹಾಯ್ದು ಕಾಲು ಮುರಿದ 11 ವರ್ಷದ ಹುಡುಗನೊಬ್ಬ ಬಂದನು. ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದರು. ಗಾಯ ಕೊಳೆಯಲಿಲ್ಲ, ಆರು ವಾರಗಳಲ್ಲಿ ಎಲುಬು ಕೂಡಿತು. ಹಿಂದೆ ಕೈಕಾಲು ಕತ್ತರಿಸಿದ 35 ರೋಗಿಗಳಲ್ಲಿ 16 ಮಂದಿ ಸತ್ತಿದ್ದರು. ಹೊಸ ಪದ್ಧತಿಯಲ್ಲಿ 40ರಲ್ಲಿ 6 ಮಂದಿ ಮಾತ್ರ.

ಹಲವರು ನಂಬಲಿಲ್ಲ. ಆಗ ಲಿಸ್ಟರ್ 1867ರಲ್ಲಿ ನಾಲ್ಕು ಗಾಜಿನ ಬುರುಡೆಗಳಲ್ಲಿ ಮೂತ್ರ ತುಂಬಿ ಕುದಿಸಿದರು. ಮೂರರ ಕತ್ತು ಉದ್ದ, ಡೊಂಕು. ಒಂದರದು ಗಿಡ್ಡ, ನೇರ. ಗಾಳಿ ಎಲ್ಲಕ್ಕೂ ಸೋಕುತ್ತಿತ್ತು. ಆದರೆ ಧೂಳು ಬಿದ್ದ ಗಿಡ್ಡ ಕತ್ತಿನದು ಮಾತ್ರ ಕೆಟ್ಟಿತು. ಉಳಿದವು ತಿಳಿಯಾಗಿಯೇ ಇದ್ದವು. 1869ರಲ್ಲಿ ಎಡಿನ್‌ಬರೋಗೆ ಹೋಗುವಾಗ ಆ ಬುರುಡೆಗಳನ್ನು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದರಂತೆ!

ಈ ಪಾಠ ಇಂದಿಗೂ ಬೇಕು. ಮೂತ್ರನಾಳದ ಮೂಲಕ ಹರಳು ತೆಗೆಯುವ ಅಥವಾ ಪ್ರಾಸ್ಟೇಟ್ ಗ್ರಂಥಿ ಕೆರೆಯುವ ಮೊದಲು ವೈದ್ಯರು ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸುತ್ತಾರೆ. ಉರಿಯಿಲ್ಲ, ಜ್ವರವಿಲ್ಲ ಎಂದರೂ ಮೂತ್ರದಲ್ಲಿ ರೋಗಾಣುಗಳಿರಬಹುದು. ಆಪರೇಷನ್ನಿನಲ್ಲಿ ಒಳಪೊರೆಗೆ ಗಾಯವಾದೊಡನೆ ಅವು ರಕ್ತಕ್ಕೆ ಸೇರಿ ಪ್ರಾಣಕ್ಕೇ ಎರವಾಗಬಹುದು. ಅದಕ್ಕಾಗಿ ಮೊದಲೇ ತಕ್ಕ ಔಷಧ ಕೊಡುತ್ತಾರೆ. ವರದಿಗೆ ಎರಡು ಮೂರು ದಿನ ಹಿಡಿಯಿತೆಂದು ಮನೆಯವರು ಬೇಸರಪಡಬಾರದು. ನಮ್ಮ ನೆರೆಯ ಮಿರಜಿನಲ್ಲಿ ಡಾ. ವಾನ್ಲೆಸ್ ಅವರು 1894ರಲ್ಲಿ ಆಸ್ಪತ್ರೆ ತೆರೆದಾಗ, ಲಿಸ್ಟರರು ತೋರಿದ ಈ ದಾರಿ ಮೂವತ್ತು ವರ್ಷವೂ ಹಳೆಯದಾಗಿರಲಿಲ್ಲ.

ಗಾಳಿಗೆ ಕಾರ್ಬಾಲಿಕ್ ಸಿಂಪಡಿಸುವ ತಮ್ಮದೇ ಪದ್ಧತಿ ಅನಗತ್ಯವೆಂದು ಕಂಡಾಗ, 1890ರಲ್ಲಿ ಲಿಸ್ಟರರು ಅದನ್ನು ಬಹಿರಂಗವಾಗಿ ಕೈಬಿಟ್ಟರು. 1897ರಲ್ಲಿ ಅವರಿಗೆ ಪ್ರಭುಪದವಿ ದೊರೆಯಿತು. 1912ರ ಫೆಬ್ರವರಿ 10ರಂದು ನಿಧನರಾದರು.

ವಿದ್ಯಾರ್ಥಿ ಮಿತ್ರರೇ, ಕಣ್ಣಿಗೆ ಕಾಣದ ಶತ್ರುವನ್ನು ಶುಚಿತ್ವದಿಂದಲೂ ತಾಳ್ಮೆಯಿಂದಲೂ ಗೆಲ್ಲಬಹುದೆಂಬುದಕ್ಕೆ ಲಿಸ್ಟರರ ಬಾಳೇ ಸಾಕ್ಷಿ.