ಗಿಡಗಳ ವೈದ್ಯ ಜಾರ್ಜ್ ವಾಷಿಂಗ್ಟನ್ ಕಾರ್ವರ್

ವಿಜ್ಞಾನಿಗಳ ಹೆಸರು ಹೇಳಿ ಎಂದರೆ ನೀವು ನ್ಯೂಟನ್, ಐನ್‌ಸ್ಟೈನ್, ಸಿ.ವಿ. ರಾಮನ್, ಅಬ್ದುಲ್ ಕಲಾಂ ಎಂದು ಥಟ್ಟನೆ ಹೇಳುತ್ತೀರಿ. ಮಣ್ಣನ್ನೂ ಎಲೆಯನ್ನೂ ಓದಿದ ವಿಜ್ಞಾನಿ ಯಾರು ಎಂದು ಕೇಳಿದರೆ ಇಡೀ ತರಗತಿ ಸುಮ್ಮನಾಗುತ್ತದೆ. ನಮ್ಮಲ್ಲಿ ಅಂಥವರಿಗೆ ಕೊರತೆಯೇನೂ ಇರಲಿಲ್ಲ. ಹನ್ನೆರಡನೇ ಶತಮಾನದಲ್ಲಿ ಸ್ಪೇನಿನ ಸೆವಿಲ್ಲೆಯಲ್ಲಿದ್ದ ಇಬ್ನ್ ಅಲ್ ಅವ್ವಾಮ್ ಎಂಬ ವಿದ್ವಾಂಸರು ಕಿತಾಬ್ ಅಲ್ ಫಿಲಾಹ ಎಂಬ ಬೇಸಾಯದ ಮಹಾಗ್ರಂಥವನ್ನು ಬರೆದಾಗ, ಮೊದಲ ಅಧ್ಯಾಯವನ್ನು ಮಣ್ಣಿನ ಗುಣಗಳಿಗೂ ಎರಡನೆಯದನ್ನು ಗೊಬ್ಬರಕ್ಕೂ ಮೀಸಲಿಟ್ಟರು. ಆದರೆ ಈ ವರ್ಷ ನಾನು ನಿಮಗೆ ಪರಿಚಯಿಸಬೇಕೆಂದಿರುವುದು ಅವರಿಗಿಂತ ಏಳುನೂರು ವರ್ಷ ಈಚಿನ, ಗುಲಾಮಳ ಹೊಟ್ಟೆಯಲ್ಲಿ ಹುಟ್ಟಿದ ಒಬ್ಬ ಅಮೆರಿಕನ್ನನನ್ನು.

ಜಾರ್ಜ್ ಕಾರ್ವರ್ ಹುಟ್ಟಿದ್ದು ಅಮೆರಿಕದ ಮಿಸೌರಿ ರಾಜ್ಯದ ಡೈಮಂಡ್ ಎಂಬ ಹಳ್ಳಿಯ ಬಳಿ, ಸುಮಾರು 1864ರಲ್ಲಿ. ಸುಮಾರು ಎಂದೇ ಹೇಳಬೇಕು, ಗುಲಾಮರ ಮಕ್ಕಳ ಜನ್ಮದಿನವನ್ನು ಯಾರೂ ಬರೆದಿಡುತ್ತಿರಲಿಲ್ಲ. ತಾಯಿ ಮೇರಿ, ಮೋಸೆಸ್ ಕಾರ್ವರ್ ಎಂಬ ಬಿಳಿಯ ರೈತನ ಆಸ್ತಿ. ಅಂತರ್ಯುದ್ಧದ ಗಲಭೆಯಲ್ಲಿ ಒಂದು ರಾತ್ರಿ ದರೋಡೆಕೋರರು ತಾಯಿಯನ್ನೂ ಹಸುಗೂಸನ್ನೂ ಹೊತ್ತೊಯ್ದರು. ಮೋಸೆಸ್ ಹುಡುಕಲು ಆಳನ್ನು ಕಳಿಸಿದ. ಮಗು ಸಿಕ್ಕಿತು, ತಾಯಿ ಸಿಗಲೇ ಇಲ್ಲ. ಮಗುವನ್ನು ತಂದುಕೊಟ್ಟವನಿಗೆ ಮೋಸೆಸ್ ಒಂದು ಕುದುರೆ ಕೊಟ್ಟ. ನೀವು ಇದನ್ನು ಇನ್ನೊಮ್ಮೆ ಓದಿ, ಒಂದು ಮಗುವಿನ ಬೆಲೆ ಒಂದು ಕುದುರೆ!

1865ರಲ್ಲಿ ಗುಲಾಮಗಿರಿ ಕೊನೆಗೊಂಡಿತು. ಮೋಸೆಸ್ ಮತ್ತು ಆತನ ಹೆಂಡತಿ ಸೂಸನ್ ಇಬ್ಬರೂ ಈ ಹುಡುಗನನ್ನೂ ಅವನ ಅಣ್ಣ ಜಿಮ್‌ನನ್ನೂ ಮನೆಯಲ್ಲೇ ಬೆಳೆಸಿದರು. ನಾಯಿಕೆಮ್ಮಿನಿಂದ ಬಡಕಲಾಗಿದ್ದ ಜಾರ್ಜ್‌ಗೆ ಹೊಲದ ಕೆಲಸ ಆಗುತ್ತಿರಲಿಲ್ಲ. ಹಾಗಾಗಿ ಸೂಸನ್ ಜೊತೆ ಅಡುಗೆ, ಹೊಲಿಗೆ, ಹಿತ್ತಲಿನ ತೋಟ ಅವನ ಪಾಲಾಯಿತು. ಪೊದೆಗಳ ನಡುವೆ ಯಾರಿಗೂ ಕಾಣದಂತೆ ಅವನದೇ ಒಂದು ಪುಟ್ಟ ತೋಟವಿತ್ತು. ಬಾಡಿದ ಗಿಡಗಳನ್ನು ಅಲ್ಲಿಗೆ ತಂದು ಮಣ್ಣು ಬದಲಿಸಿ, ನೆರಳು ಬಿಸಿಲು ಹೊಂದಿಸಿ ಚೇತರಿಸಿಕೊಳ್ಳುವಂತೆ ಮಾಡುತ್ತಿದ್ದ. ಅಕ್ಕಪಕ್ಕದವರು ತಮ್ಮ ಗುಲಾಬಿ ಗಿಡ ಸೊರಗಿದರೆ ಈ ಹುಡುಗನನ್ನು ಕರೆಸುವರು. ಗಿಡಗಳ ಡಾಕ್ಟರ್ ಎಂಬ ಹೆಸರು ಅವನಿಗೆ ಬಂದದ್ದು ಹೀಗೆ, ಶಾಲೆಯ ಮೆಟ್ಟಿಲು ಹತ್ತುವ ಮೊದಲೇ.

ಶಾಲೆ ಹತ್ತುವುದೇ ದೊಡ್ಡ ಕಷ್ಟವಾಗಿತ್ತು. ಊರಿನ ಶಾಲೆಯಲ್ಲಿ ಕಪ್ಪು ಮಕ್ಕಳಿಗೆ ಪ್ರವೇಶವಿರಲಿಲ್ಲ. ಕೆಲವು ಮೈಲಿ ದೂರದ ನಿಯೋಶೋ ಊರಿಗೆ ನಡೆದು ಹೋಗಿ, ಮರಾಯಾ ವಾಟ್ಕಿನ್ಸ್ ಎಂಬ ಸೂಲಗಿತ್ತಿಯ ಮನೆಯಲ್ಲಿ ಕೆಲಸಮಾಡಿಕೊಂಡು ಅಕ್ಷರ ಕಲಿತ. ಆಮೇಲೆ ಕಾನ್ಸಾಸ್ ರಾಜ್ಯದ ಊರೂರು ಅಲೆದು, ಜನರ ಬಟ್ಟೆ ಒಗೆದು, ಇಸ್ತ್ರಿ ಮಾಡಿ ಹೈಸ್ಕೂಲು ಮುಗಿಸಿದ. ಹೈಲ್ಯಾಂಡ್ ಕಾಲೇಜು ಅರ್ಜಿ ನೋಡಿ ಸೀಟು ಕೊಟ್ಟಿತು. ಹುಡುಗ ಬಾಗಿಲಲ್ಲಿ ನಿಂತಾಗ ಮೈಬಣ್ಣ ನೋಡಿ ವಾಪಸ್ ಕಳಿಸಿತು. ನಿಮ್ಮಲ್ಲಿ ಸೀಟು ಸಿಗದೆ ಮನೆಗೆ ಮರಳಿದವರು ಇರಬಹುದು, ಸಿಕ್ಕ ಸೀಟನ್ನು ಕಣ್ಣೆದುರೇ ಕಿತ್ತುಕೊಂಡರೆ ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ. ಜಾರ್ಜ್ ಕೆಲವು ವರ್ಷ ಓದನ್ನು ಬಿಟ್ಟು ಕಾನ್ಸಾಸಿನ ಬಯಲಿನಲ್ಲಿ ಬೇಸಾಯ ಮಾಡಿದ.

1890ರಲ್ಲಿ ಅಯೋವಾ ರಾಜ್ಯದ ಸಿಂಪ್ಸನ್ ಕಾಲೇಜು ಅವನನ್ನು ಸೇರಿಸಿಕೊಂಡಿತು. ಅಲ್ಲಿ ಅವನು ಕಲಿತದ್ದು ಚಿತ್ರಕಲೆ. ಅವನು ಬರೆಯುತ್ತಿದ್ದ ಹೂಗಿಡಗಳ ಚಿತ್ರಗಳನ್ನು ನೋಡಿ, ಇವನ ಕಣ್ಣು ಸಸ್ಯಶಾಸ್ತ್ರಜ್ಞನದು ಎಂದು ಗುರುತಿಸಿದವರು ಕಲಾ ಶಿಕ್ಷಕಿ ಎಟ್ಟಾ ಬಡ್. ಅವರ ತಂದೆ ಏಮ್ಸ್ ಊರಿನ ಕೃಷಿ ಕಾಲೇಜಿನಲ್ಲಿ ತೋಟಗಾರಿಕೆಯ ಪ್ರಾಧ್ಯಾಪಕರಾಗಿದ್ದರು. ಒಬ್ಬ ಶಿಕ್ಷಕಿ ತನ್ನ ವಿಷಯವನ್ನು ಬಿಟ್ಟು ಇನ್ನೊಂದು ವಿಷಯಕ್ಕೆ ವಿದ್ಯಾರ್ಥಿಯನ್ನು ದಾಟಿಸುವುದು ಸುಲಭದ ಮಾತಲ್ಲ, ನಾವು ಮೇಷ್ಟ್ರುಗಳಿಗೆ ಇದು ಚೆನ್ನಾಗಿ ಗೊತ್ತು. 1894ರಲ್ಲಿ ಕಾರ್ವರ್ ಕೃಷಿ ಪದವಿ ಪಡೆದರು, 1896ರಲ್ಲಿ ಸ್ನಾತಕೋತ್ತರ ಪದವಿ. ಪ್ರೊಫೆಸರ್ ಪಾಮೆಲ್ ಅವರ ಕೈಕೆಳಗೆ ಸಸ್ಯರೋಗ ತರುವ ಶಿಲೀಂಧ್ರಗಳನ್ನು ಅಧ್ಯಯನ ಮಾಡಿದರು. ಮೇಪಲ್ ಮರದ ಎಲೆಯ ಮೇಲಿನ ಒಂದು ಶಿಲೀಂಧ್ರಕ್ಕೆ ಇಂದಿಗೂ ಅವರ ಹೆಸರಿದೆ.

ಇನ್ನು ಮುಂದಿನದು ಟಸ್ಕಿಗೀ. ಅಲಬಾಮಾ ರಾಜ್ಯದ ಈ ಊರಿನಲ್ಲಿ 1881ರಲ್ಲಿ ಬುಕರ್ ಟಿ. ವಾಷಿಂಗ್ಟನ್ ಎಂಬ, ತಾವೂ ಗುಲಾಮರಾಗಿ ಹುಟ್ಟಿದ್ದ ಶಿಕ್ಷಣ ತಜ್ಞರು ಕಪ್ಪು ಜನರಿಗಾಗಿ ವಿದ್ಯಾಸಂಸ್ಥೆ ತೆರೆದಿದ್ದರು. ಸರ್ ಸಯ್ಯದರು ಅಲಿಗಢದಲ್ಲಿ ಕಾಲೇಜು ಆರಂಭಿಸಿ ಆಗ ಆರು ವರ್ಷವಾಗಿತ್ತು. ಎರಡರ ದಾರಿ ಬೇರೆ, ಆದರೆ ಹಿಂದುಳಿದ ಒಂದು ಸಮುದಾಯ ತಾಲೀಮಿನಿಂದಲೇ ಮೇಲೆ ಬರಬೇಕು ಎಂಬ ಹಠ ಒಂದೇ. 1896ರಲ್ಲಿ ಕಾರ್ವರ್ ಇಲ್ಲಿಗೆ ಕೃಷಿ ವಿಭಾಗದ ಮುಖ್ಯಸ್ಥರಾಗಿ ಬಂದರು. ಪ್ರಯೋಗಾಲಯವೆಂಬುದೇ ಇರಲಿಲ್ಲ. ಹುಡುಗರನ್ನು ಕರೆದುಕೊಂಡು ಕಸದ ಗುಡ್ಡೆಗಳಿಂದ ಒಡೆದ ಬಾಟಲಿ, ಹಳೆಯ ಪಾತ್ರೆ, ತಂತಿ ಆಯ್ದು ತಂದರು. ಬಾಟಲಿಯ ಕತ್ತು ಕತ್ತರಿಸಿದರೆ ಬೀಕರ್ ಆಯಿತು. ನಮ್ಮ ಶಾಲೆಗೆ ಲ್ಯಾಬ್ ಇಲ್ಲ ಎಂದು ಕೈಕಟ್ಟಿ ಕೂರುವವರು ಈ ಭಾಗವನ್ನು ಗಮನವಿಟ್ಟು ಓದಬೇಕು.

ಹೊರಗಿನ ಹೊಲಗಳ ಸ್ಥಿತಿ ಒಳಗಿನದಕ್ಕಿಂತ ಕೆಟ್ಟದಾಗಿತ್ತು. ತಲೆಮಾರುಗಳಿಂದ ಹತ್ತಿ, ಹತ್ತಿ, ಹತ್ತಿ. ಗುಲಾಮಗಿರಿಯಿಂದ ಬಿಡುಗಡೆಯಾದವರು ಈಗ ಪಾಲಿಗೆ ಹೊಲ ಮಾಡುತ್ತಿದ್ದರು. ಬೀಜಕ್ಕೂ ಹಿಟ್ಟಿಗೂ ಸಾಲ ಕೊಡುವ ಸಾಹುಕಾರ ಹತ್ತಿಯನ್ನೇ ಬೆಳೆಯಬೇಕು ಎನ್ನುತ್ತಿದ್ದ, ಏಕೆಂದರೆ ಅದನ್ನು ತಿನ್ನಲಾಗದು, ಪೂರ್ತಿ ಮಾರಲೇಬೇಕು. ಮಣ್ಣು ಸೋತಂತೆ ಇಳುವರಿ ಸೋತಿತು, ಇಳುವರಿ ಸೋತಂತೆ ಸಾಲ ಬೆಳೆಯಿತು. ಅಲಬಾಮಾದ ಜೋರು ಮಳೆ ಮೇಲ್ಮಣ್ಣನ್ನು ಕೊಚ್ಚಿ ಕೊರಕಲು ಮಾಡಿತ್ತು. ಮಣ್ಣಿನೊಳಗಿನ ಸುಣ್ಣದಂಶವನ್ನೂ ತೊಳೆದು ಹುಳಿ ಮಾಡಿತ್ತು.

ಇಲ್ಲಿ ಸ್ವಲ್ಪ ನಿಂತು ಗಿಡದ ಕಾಯಿಲೆಯನ್ನು ಗುರುತಿಸುವುದು ಹೇಗೆ ಎಂದು ನೋಡೋಣ, ಇಲ್ಲದಿದ್ದರೆ ಕಾರ್ವರರ ಕೆಲಸದ ಬೆಲೆ ತಿಳಿಯದು. ಎಲೆ ಹಳದಿಯಾದರೆ ಗಿಡಕ್ಕೆ ರೋಗ ಎಂದುಬಿಡುತ್ತೇವೆ. ಆದರೆ ಯಾವ ಎಲೆ? ಸಾರಜನಕ ಕಡಿಮೆಯಾದರೆ ಗಿಡವು ಹಳೆಯ ಎಲೆಗಳಿಂದ ಅದನ್ನು ಎಳೆದು ಚಿಗುರಿಗೆ ಕೊಡುತ್ತದೆ, ಆದ್ದರಿಂದ ಕೆಳಗಿನ ಎಲೆ ಮೊದಲು ಹಳದಿಯಾಗುತ್ತದೆ. ತಾಯಿ ಉಪವಾಸವಿದ್ದು ಮಗುವಿಗೆ ಉಣಿಸಿದ ಹಾಗೆ. ಪೊಟ್ಯಾಷ್ ಸಾಲದಿದ್ದರೆ ಸಾಮಾನ್ಯವಾಗಿ ಹಳೆಯ ಎಲೆಯ ಅಂಚು ಸುಟ್ಟಂತಾಗುತ್ತದೆ. ರಂಜಕ ಸಾಲದಿದ್ದರೆ ಗಿಡ ಗಿಡ್ಡಾಗಿ, ಎಷ್ಟೋ ಸಲ ಎಲೆಗೆ ನೇರಳೆ ಛಾಯೆ ಬರುತ್ತದೆ. ಕಬ್ಬಿಣದ ಕೊರತೆ ಇದಕ್ಕೆ ಉಲ್ಟಾ. ಅದನ್ನು ಗಿಡ ಒಂದು ಎಲೆಯಿಂದ ಇನ್ನೊಂದಕ್ಕೆ ಸಾಗಿಸಲಾರದು, ಹಾಗಾಗಿ ಚಿಗುರೆಲೆಯೇ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಅಲಬಾಮಾದಲ್ಲಿಯೇ ಹತ್ತಿಯ ಎಲೆ ತುಕ್ಕು ಹಿಡಿದಂತಾಗುವುದನ್ನು ಜನ ರೋಗವೆಂದೇ ತಿಳಿದಿದ್ದರು. 1890ರ ದಶಕದ ಆರಂಭದಲ್ಲಿ ಅಲ್ಲಿನ ಸರ್ಕಾರಿ ಕೃಷಿ ಕೇಂದ್ರದ ಅಟ್ಕಿನ್ಸನ್ ಎಂಬ ವಿಜ್ಞಾನಿ ಪೊಟ್ಯಾಷ್ ಇರುವ ಲವಣ ಹಾಕಿದರೆ ಅದು ಕಡಿಮೆಯಾಗುತ್ತದೆ ಎಂದು ತೋರಿಸಿದರು. ರೋಗವೆಂದು ಕಂಡದ್ದು ಹಸಿವು.

ಕೆಲವೊಮ್ಮೆ ಮಣ್ಣಿನಲ್ಲಿ ಆಹಾರವಿದ್ದೂ ಗಿಡಕ್ಕೆ ಸಿಗುವುದಿಲ್ಲ. ಮಣ್ಣು ತೀರಾ ಹುಳಿಯಾದರೆ ರಂಜಕ ಸಿಕ್ಕಿಹಾಕಿಕೊಳ್ಳುತ್ತದೆ, ತೀರಾ ಕ್ಷಾರವಾದರೆ ಕಬ್ಬಿಣ ಸಿಕ್ಕಿಹಾಕಿಕೊಳ್ಳುತ್ತದೆ. ಇದನ್ನು ಅಳೆಯುವ ರಸಸಾರದ ಲೆಕ್ಕವನ್ನು, ಅಂದರೆ ಪಿಎಚ್ ಅನ್ನು, ಡೆನ್ಮಾರ್ಕಿನ ಸೋರೆನ್‌ಸೆನ್ ರೂಪಿಸಿದ್ದು 1909ರಲ್ಲಿ. 7 ತಟಸ್ಥ, ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ನಮ್ಮ ಕರಾವಳಿ ಮತ್ತು ಮಲೆನಾಡಿನ ಕೆಂಪು ಜಂಬಿಟ್ಟಿಗೆ ಮಣ್ಣು ಸಾಮಾನ್ಯವಾಗಿ ಹುಳಿ. ವಿಜಯಪುರ, ಬಾಗಲಕೋಟೆ ಕಡೆಯ ಸುಣ್ಣಕಲ್ಲಿನ ಎರೆಮಣ್ಣು ಕ್ಷಾರ. ಆ ಎರೆಯಲ್ಲಿ ಬಿತ್ತಿದ ಶೇಂಗಾದ ಚಿಗುರು ಹಳದಿಯಾದಾಗ ರೈತರು ಯೂರಿಯಾ ಚೆಲ್ಲುವುದುಂಟು. ಯೂರಿಯಾ ಅಲ್ಲಿ ದಂಡ, ಬೇಕಾದದ್ದು ಅನ್ನಭೇದಿಯ ಸಿಂಪರಣೆ. ನಿಮ್ಮ ಮನೆಯಲ್ಲಿ ಹೊಲವಿದ್ದರೆ ಬಿತ್ತನೆಗೆ ಮೊದಲು ನಾಲ್ಕಾರು ಕಡೆ ಗೇಣುದ್ದ ಅಗೆದು, ಮಣ್ಣು ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಹತ್ತಿರದ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕೊಡಿ ಎಂದು ಅಬ್ಬಾಜಾನ್‌ಗೆ ಹೇಳಿ.

ಟಸ್ಕಿಗೀಯ ಬಡ ರೈತರಿಗೆ ಗೊಬ್ಬರದ ಚೀಲ ಕೊಳ್ಳುವ ಶಕ್ತಿ ಇರಲಿಲ್ಲ. ಕಾರ್ವರರ ಜಾಣ್ಮೆ ಇರುವುದು ಇಲ್ಲಿಯೇ ಎಂದು ನನಗನಿಸುತ್ತದೆ. ದುಡ್ಡಿಲ್ಲದವನಿಗೆ ಸಿಗುವ ಔಷಧವನ್ನೇ ಅವರು ಬರೆದುಕೊಟ್ಟರು. ಜೌಗಿನ ಕಪ್ಪು ಗೋಡು, ಕಾಡಿನ ತರಗೆಲೆ, ಕೊಟ್ಟಿಗೆ ಗೊಬ್ಬರ ಬೆರೆಸಿ ಕೊಳೆಸಿ ಹೊಲಕ್ಕೆ ಹಾಕಿಸಿದರು. ನಮ್ಮ ಹಿರಿಯರು ಬೇಸಿಗೆಯಲ್ಲಿ ಕೆರೆಗೋಡು ಹೊಡೆಸುತ್ತಿದ್ದರಲ್ಲ, ಅದೇ ಬುದ್ಧಿ. ಸಾರಜನಕಕ್ಕೆ ಅಲಸಂದೆ ಬಿತ್ತಿಸಿದರು. ದ್ವಿದಳ ಗಿಡಗಳ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತವೆ ಎಂಬುದನ್ನು ಜರ್ಮನಿಯ ಹೆಲ್ರೀಗೆಲ್ ಮತ್ತು ವಿಲ್ಫಾರ್ಟ್ 1880ರ ದಶಕದಲ್ಲಿ ಸಾಬೀತುಪಡಿಸಿದ್ದರು. ಹತ್ತು ಹದಿನೈದು ವರ್ಷದೊಳಗೆ ಆ ಪ್ರಯೋಗಾಲಯದ ಸತ್ಯ ಅಲಬಾಮಾದ ಗುಡಿಸಲಿಗೆ ಬಂದು ತಲುಪಿತು. ಸೋತ ನೆಲವನ್ನು ಎತ್ತುವ ಕುರಿತು 1905ರಲ್ಲಿ ಅವರು ಒಂದು ಪುಸ್ತಿಕೆ ಹೊರತಂದರು. ಇಂಥ 44 ಪುಸ್ತಿಕೆಗಳನ್ನು ಬರೆದರು, ಎಲ್ಲವೂ ಕಡಿಮೆ ಓದಿದವರಿಗೂ ಅರ್ಥವಾಗುವ ಭಾಷೆಯಲ್ಲಿ.

ಓದಲೇ ಬಾರದವರಿಗೆ? 1906ರಲ್ಲಿ ನ್ಯೂಯಾರ್ಕಿನ ಮಾರಿಸ್ ಜೆಸಪ್ ಎಂಬವರ ಹಣದಿಂದ ಒಂದು ಕುದುರೆಗಾಡಿ ಸಿದ್ಧವಾಯಿತು. ಅದರಲ್ಲಿ ನೇಗಿಲು, ಬೀಜ, ಗೊಬ್ಬರ, ಬೆಣ್ಣೆ ಕಡೆಯುವ ಯಂತ್ರ. ಗಾಡಿಯ ವಿನ್ಯಾಸ ಕಾರ್ವರರದು, ಹಳ್ಳಿ ಹಳ್ಳಿಗೆ ನಡೆಸಿದವರು ಅವರ ಶಿಷ್ಯ ಥಾಮಸ್ ಕ್ಯಾಂಪ್‌ಬೆಲ್. ರೈತ ಶಾಲೆಗೆ ಬಾರದಿದ್ದರೆ ಶಾಲೆಯೇ ರೈತನ ಹೊಲಕ್ಕೆ ಹೋಯಿತು.

ಅಷ್ಟರಲ್ಲಿ ಮೆಕ್ಸಿಕೋ ಕಡೆಯಿಂದ ಬೋಲ್ ವೀವಿಲ್ ಎಂಬ ಮೂತಿಹುಳು ಹತ್ತಿಯನ್ನು ತಿನ್ನುತ್ತಾ ಬಂದು 1910ರ ಹೊತ್ತಿಗೆ ಅಲಬಾಮಾ ಮುಟ್ಟಿತು. ಹತ್ತಿ ನೆಚ್ಚಿದವರು ಬೀದಿಗೆ ಬಿದ್ದರು. ಕಾರ್ವರ್ ಶೇಂಗಾ ಮತ್ತು ಗೆಣಸು ಬೆಳೆಯಿರೆಂದು ಒತ್ತಿ ಹೇಳಿದರು. ಅದನ್ನು ಬೆಳೆದು ಏನು ಮಾಡುವುದೆಂದು ಜನ ಕೇಳಿದಾಗ, 1916ರಲ್ಲಿ ಶೇಂಗಾದ 105 ಅಡುಗೆಗಳ ಪುಸ್ತಿಕೆ ಬರೆದರು. 1921ರಲ್ಲಿ ಆಮದು ಸುಂಕದ ವಿಚಾರವಾಗಿ ಅಮೆರಿಕದ ಸಂಸತ್ತಿನ ಸಮಿತಿ ಎದುರು ನಿಂತರು. ಕೊಟ್ಟಿದ್ದ ಹತ್ತು ನಿಮಿಷವನ್ನು ಸದಸ್ಯರೇ ಮತ್ತೆ ಮತ್ತೆ ವಿಸ್ತರಿಸಿದರು. ಆ ಬಳಿಕ ಅವರು ದೇಶಕ್ಕೆಲ್ಲ ಶೇಂಗಾ ಮಾಂತ್ರಿಕರಾದರು. ಅನೇಕ ಪುಸ್ತಕಗಳಲ್ಲಿ ಪೀನಟ್ ಬಟರ್ ಕಂಡುಹಿಡಿದವರು ಇವರೇ ಎಂದಿದೆ. ಅದು ತಪ್ಪು, ಅವರಿಗಿಂತ ಮೊದಲೇ ಅದು ಇತ್ತು. ಮುನ್ನೂರು ವಸ್ತುಗಳ ಪಟ್ಟಿಯಲ್ಲಿಯೂ ಮಾರುಕಟ್ಟೆಯಲ್ಲಿ ನಿಂತದ್ದು ಹೆಚ್ಚೇನಿಲ್ಲ. ಪರೀಕ್ಷೆಗಾಗಿ ಆ ಪಟ್ಟಿಯನ್ನು ಬಾಯಿಪಾಠ ಮಾಡುವ ಬದಲು ಅಲಸಂದೆ ಮತ್ತು ಗೋಡಿನ ಕಥೆಯನ್ನು ನೆನಪಿಡಿ, ಸೋತ ಹೊಲಗಳನ್ನು ಎತ್ತಿದ್ದು ಅದು.

ಅವರೂ ಮನುಷ್ಯರೇ. ಆಡಳಿತ ಅವರಿಗೆ ಒಗ್ಗುತ್ತಿರಲಿಲ್ಲ, ಸಂಸ್ಥೆಯ ಕೋಳಿಸಾಕಣೆಯ ಲೆಕ್ಕದ ವಿಷಯದಲ್ಲಿ ಬುಕರ್ ವಾಷಿಂಗ್ಟನ್ನರ ಜೊತೆ ಜಗಳವಾಗಿ ರಾಜೀನಾಮೆ ಕೊಡುತ್ತೇನೆ ಎಂಬವರೆಗೂ ಹೋಗಿತ್ತು. ಆದರೆ ಬಿಟ್ಟುಹೋಗಲಿಲ್ಲ. 1915ರಲ್ಲಿ ವಾಷಿಂಗ್ಟನ್ ತೀರಿಕೊಂಡ ಮೇಲೂ ಅಲ್ಲಿಯೇ ಉಳಿದರು.

ಕಾರ್ವರ್ ಮದುವೆಯಾಗಲಿಲ್ಲ. ವಿದ್ಯಾರ್ಥಿನಿಲಯದ ಕೋಣೆಯಲ್ಲಿ, ಹಳೆಯ ಕೋಟು ತೊಟ್ಟು, ಗುಂಡಿಯ ತೂತಿಗೆ ದಿನಕ್ಕೊಂದು ಹೂ ಸಿಕ್ಕಿಸಿಕೊಂಡು ಬದುಕಿದರು. 1943ರ ಜನವರಿ 5ರಂದು ಟಸ್ಕಿಗೀಯಲ್ಲೇ ಕೊನೆಯುಸಿರೆಳೆದರು. ಜೀವಮಾನದ ಉಳಿತಾಯ, ಸುಮಾರು 60 ಸಾವಿರ ಡಾಲರ್, ತಮ್ಮ ಹೆಸರಿನ ಸಂಶೋಧನಾ ಪ್ರತಿಷ್ಠಾನಕ್ಕೆ ಬಿಟ್ಟರು. ಅವರ ಗೋರಿ ಬುಕರ್ ವಾಷಿಂಗ್ಟನ್ನರ ಗೋರಿಯ ಪಕ್ಕದಲ್ಲಿದೆ. ಅದೇ ವರ್ಷ ಜುಲೈನಲ್ಲಿ ಅಮೆರಿಕ ಸರ್ಕಾರ ಡೈಮಂಡ್ ಬಳಿಯ ಮೋಸೆಸ್ ಕಾರ್ವರನ ಹೊಲವನ್ನು, ಹುಡುಗ ಗುಟ್ಟಾಗಿ ತೋಟ ಮಾಡಿದ್ದ ಆ ನೆಲವನ್ನು, ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿತು.