ತೂಕದ ಗ್ರಾಂ ಅಲ್ಲ, ಡೆನ್ಮಾರ್ಕಿನ ಗ್ರಾಂ

ಬಯೋಟೆಕ್ನಾಲಜಿಯಲ್ಲಿ ಬಿಇ ಓದುತ್ತಿರುವ ನನಗೆ ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ಸಿಕ್ಕ ಮೊದಲ ಪ್ರಯೋಗಗಳಲ್ಲಿ ಗ್ರಾಂ ಸ್ಟೇನಿಂಗ್ ಒಂದು. ಸ್ಲೈಡಿನ ಮೇಲೆ ಬ್ಯಾಕ್ಟೀರಿಯಾ ಹಚ್ಚಿ ಒಣಗಿಸಿ ಬೆಂಕಿಗೆ ತೋರಿಸಬೇಕು. ಮೊದಲು ನೇರಳೆ ಬಣ್ಣ, ಆಮೇಲೆ ಅಯೋಡಿನ್, ಬಳಿಕ ಆಲ್ಕೊಹಾಲ್‌ನಲ್ಲಿ ತೊಳೆತ, ಕೊನೆಗೆ ಕೆಂಪು ಸ್ಯಾಫ್ರನಿನ್. ಮೈಕ್ರೋಸ್ಕೋಪ್‌ನಲ್ಲಿ ನೇರಳೆಯಾಗಿಯೇ ಉಳಿದದ್ದು ಗ್ರಾಂ ಪಾಸಿಟಿವ್, ನೇರಳೆ ಕಳೆದುಕೊಂಡು ಕೆಂಪಾದದ್ದು ಗ್ರಾಂ ನೆಗೆಟಿವ್. ಹಾಸ್ಟೆಲ್‌ನಲ್ಲಿ ಬೇರೆ ಬ್ರಾಂಚಿನ ಗೆಳೆಯರನ್ನು ಈ ಗ್ರಾಂ ಅಂದರೇನು ಎಂದು ಕೇಳಿದೆ. ಎಲ್ಲರೂ ತೂಕದ ಗ್ರಾಂ ಎಂದೇ ತಿಳಿದಿದ್ದರು. ಅದು ಒಬ್ಬ ಮನುಷ್ಯನ ಹೆಸರು. ಇನ್ನೂ ಮಜಾ ಏನೆಂದರೆ, ಆ ಮನುಷ್ಯ ಬ್ಯಾಕ್ಟೀರಿಯಾಗಳನ್ನು ಎರಡು ಗುಂಪು ಮಾಡಲು ಹೊರಟವರೇ ಅಲ್ಲ.

ಹನ್ಸ್ ಕ್ರಿಶ್ಚಿಯನ್ ಗ್ರಾಂ ಹುಟ್ಟಿದ್ದು 1853ರ ಸೆಪ್ಟೆಂಬರ್ 13ರಂದು, ಕೋಪನ್‌ಹೇಗನ್‌ನಲ್ಲಿ. ತಂದೆ ಕಾನೂನು ಪ್ರಾಧ್ಯಾಪಕರು. ಮಗನಿಗೆ ಮೊದಲು ಹಿಡಿಸಿದ್ದು ಗಿಡಮರಗಳ ಅಧ್ಯಯನ. ಮೈಕ್ರೋಸ್ಕೋಪ್ ಜತೆಗಿನ ನಂಟು ಆಗಲೇ ಬೆಳೆಯಿತು. ಆಮೇಲೆ ವೈದ್ಯಕೀಯಕ್ಕೆ ಹೊರಳಿ 1878ರಲ್ಲಿ ಡಾಕ್ಟರ್ ಆದರು. ಮನುಷ್ಯನ ಕೆಂಪು ರಕ್ತಕಣಗಳ ಮೇಲೆ ಮಾಡಿದ ಕೆಲಸಕ್ಕೆ ಚಿನ್ನದ ಪದಕವೂ ಬಂತು.

1883ರಲ್ಲಿ ಯುರೋಪ್ ಸುತ್ತಲು ಹೊರಟ ಗ್ರಾಂ, ಬರ್ಲಿನ್‌ನಲ್ಲಿ ಕಾರ್ಲ್ ಫ್ರೀಡ್‌ಲೆಂಡರ್ ಎಂಬ ವೈದ್ಯರ ಬಳಿ ಕೆಲಸಕ್ಕೆ ನಿಂತರು. ಸ್ಥಳ, ನಗರದ ಆಸ್ಪತ್ರೆಯ ಶವಾಗಾರ. ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದ ತೆಳು ಚೂರುಗಳಲ್ಲಿ ಬ್ಯಾಕ್ಟೀರಿಯಾ ಹುಡುಕುವುದೇ ಕೆಲಸ. ಕಷ್ಟ ಏನಿತ್ತೆಂದರೆ, ಬಣ್ಣ ಹಾಕಿದರೆ ಬ್ಯಾಕ್ಟೀರಿಯಾದ ಜತೆಗೆ ಸುತ್ತಲಿನ ಜೀವಕೋಶಗಳೂ ಬಣ್ಣ ಹೀರುತ್ತಿದ್ದವು. ಹೋಳಿ ಆಡಿದವರ ಗುಂಪಿನಲ್ಲಿ ನಮ್ಮವರನ್ನು ಗುರುತು ಹಿಡಿದ ಹಾಗೆ! ಗ್ರಾಂ ನೇರಳೆ ಬಣ್ಣದ ಮೇಲೆ ಅಯೋಡಿನ್ ದ್ರಾವಣ ಬಿಟ್ಟು, ಆಲ್ಕೊಹಾಲ್‌ನಲ್ಲಿ ತೊಳೆದು ನೋಡಿದರು. ಶ್ವಾಸಕೋಶದ ಬಣ್ಣ ಪೂರ್ತಿ ಹೋಯಿತು. ಬ್ಯಾಕ್ಟೀರಿಯಾ ಮಾತ್ರ ಗಾಢವಾಗಿ ಎದ್ದು ಕಂಡಿತು.

ಆದರೆ ಎಲ್ಲ ಬ್ಯಾಕ್ಟೀರಿಯಾವೂ ಅಲ್ಲ. ಟೈಫಾಯಿಡ್‌ನದು ಬಣ್ಣ ಬಿಟ್ಟುಬಿಡುತ್ತಿತ್ತು. ಎಲ್ಲವನ್ನೂ ಕಾಣಿಸುವ ವಿಧಾನ ಬೇಕಿದ್ದವರಿಗೆ ಇದು ದೊಡ್ಡ ಕೊರತೆ. 1884ರಲ್ಲಿ ಪ್ರಕಟವಾದ ಲೇಖನದಲ್ಲಿ ಅವರು ಅದನ್ನು ಮುಚ್ಚಿಡಲಿಲ್ಲ. ವಿಧಾನ ಇನ್ನೂ ಅಪೂರ್ಣ, ಬೇರೆಯವರ ಕೈಯಲ್ಲಾದರೂ ಉಪಯೋಗಕ್ಕೆ ಬರಲಿ ಎಂಬ ಅರ್ಥದಲ್ಲಿ ಬರೆದರು. ಗ್ರಾಫ್‌ಗೆ ಹೊಂದದ ರೀಡಿಂಗ್ ಕಂಡರೆ ಅಳಿಸೋಣ ಎನ್ನಿಸುವುದು ಯಾವ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಗೊತ್ತಿಲ್ಲ? ಟೈಫಾಯಿಡ್‌ನ ಆ ಮಾತನ್ನು ಬಿಟ್ಟುಬಿಟ್ಟಿದ್ದರೆ ಲೇಖನ ಇನ್ನೂ ಚೆಂದ ಕಾಣುತ್ತಿತ್ತು. ಇವತ್ತು ನಮಗೆ ಬೇಕಾಗಿರುವುದು ಮಾತ್ರ ಆ ಕೊರತೆಯೇ.

ಆ ಹೊತ್ತಿಗೆ ನ್ಯುಮೋನಿಯಾಕ್ಕೆ ಯಾವ ಬ್ಯಾಕ್ಟೀರಿಯಾ ಕಾರಣ ಎಂದು ಫ್ರೀಡ್‌ಲೆಂಡರ್‌ಗೂ ಆಲ್ಬರ್ಟ್ ಫ್ರೆಂಕೆಲ್ ಎಂಬ ಇನ್ನೊಬ್ಬ ವೈದ್ಯರಿಗೂ ಜೋರು ವಾದ. ಇಬ್ಬರೂ ನೋಡುತ್ತಿದ್ದದ್ದು ಬೇರೆ ಬೇರೆ ಬ್ಯಾಕ್ಟೀರಿಯಾಗಳನ್ನು. ಫ್ರೆಂಕೆಲ್ ಕಂಡದ್ದು ನೇರಳೆ ಉಳಿಸಿಕೊಳ್ಳುತ್ತದೆ, ಫ್ರೀಡ್‌ಲೆಂಡರ್ ಕಂಡದ್ದು ಬಿಡುತ್ತದೆ. ಗುರುವಿನ ಬ್ಯಾಕ್ಟೀರಿಯಾವೇ ಶಿಷ್ಯನ ಬಣ್ಣಕ್ಕೆ ನಿಲ್ಲಲಿಲ್ಲ! ಫ್ರೀಡ್‌ಲೆಂಡರ್ 1887ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡರು.

ಈ ವ್ಯತ್ಯಾಸ ಯಾಕೆ ಎಂಬುದು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬಂದ ಮೇಲೆ ಸ್ಪಷ್ಟವಾಯಿತು. ಕೆಲವು ಬ್ಯಾಕ್ಟೀರಿಯಾಗಳ ಕೋಶಭಿತ್ತಿ ದಪ್ಪ. ನೇರಳೆ ಮತ್ತು ಅಯೋಡಿನ್ ಕೂಡಿ ಆದ ಕಣ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಇನ್ನು ಕೆಲವಕ್ಕೆ ಭಿತ್ತಿ ತೆಳು, ಹೊರಗೆ ಕೊಬ್ಬಿನ ಪದರ. ಆಲ್ಕೊಹಾಲ್ ಆ ಪದರ ಕರಗಿಸಿದರೆ ಬಣ್ಣ ಹೊರಗೆ. ಆ್ಯಂಟಿಬಯೋಟಿಕ್ ಒಳಗೆ ಹೋಗುತ್ತದೋ ಇಲ್ಲವೋ ಎಂಬುದಕ್ಕೂ ಈ ಗೋಡೆಗೂ ಸಂಬಂಧವಿದೆ. ಕಫವನ್ನೋ ಬೆನ್ನುಹುರಿಯ ದ್ರವವನ್ನೋ ಕಲ್ಚರ್‌ಗೆ ಇಟ್ಟರೆ ಫಲಿತಾಂಶಕ್ಕೆ ಒಂದೆರಡು ದಿನ ಕಾಯಬೇಕು. ಗ್ರಾಂ ಸ್ಟೇನ್ ಕೆಲವೇ ನಿಮಿಷದ ಕೆಲಸ. ಮೆದುಳು ಜ್ವರದ ರೋಗಿಗೆ ಆ ಎರಡು ದಿನ ಬದುಕು-ಸಾವಿನ ಲೆಕ್ಕ. ಅಂದಹಾಗೆ ಸ್ಯಾಫ್ರನಿನ್ ಹಾಕುವ ಹಂತ ಗ್ರಾಂ ಅವರದಲ್ಲ, ನಂತರದವರು ಸೇರಿಸಿದ್ದು.

ಗ್ರಾಂ ಮಾತ್ರ ಬ್ಯಾಕ್ಟೀರಿಯಾದ ಹಿಂದೆ ಬಹಳ ದಿನ ಇರಲಿಲ್ಲ. ಊರಿಗೆ ಮರಳಿ ಔಷಧಶಾಸ್ತ್ರ ಕಲಿಸಿದರು, 1900ರಲ್ಲಿ ವೈದ್ಯಕೀಯ ಪ್ರಾಧ್ಯಾಪಕರಾದರು, ರೋಗಿಗಳನ್ನು ನೋಡಿದರು. 1901ರಿಂದ 1921ರವರೆಗೆ ಡೆನ್ಮಾರ್ಕಿನ ಔಷಧ ಸಂಹಿತೆಯ ಆಯೋಗಕ್ಕೆ ಅಧ್ಯಕ್ಷರಾಗಿದ್ದು, ಗುಣವಿಲ್ಲದಿದ್ದರೂ ರೂಢಿಯಿಂದ ಉಳಿದುಬಂದಿದ್ದ ಅನೇಕ ಔಷಧಗಳನ್ನು ಪಟ್ಟಿಯಿಂದ ತೆಗೆಸಿದರು. ನನ್ನ ಲೆಕ್ಕದಲ್ಲಿ ಇದೂ ಒಂಥರ ಆಲ್ಕೊಹಾಲ್ ತೊಳೆತವೇ. 1923ರಲ್ಲಿ ನಿವೃತ್ತರಾದರು. ಐದು ವರ್ಷಗಳ ನಂತರ ಲಂಡನ್‌ನಲ್ಲಿ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದರು. ಅದು ಹೆಚ್ಚಾಗಿ ಕೊಂದದ್ದು ನೇರಳೆ ಗುಂಪಿನ ಬ್ಯಾಕ್ಟೀರಿಯಾಗಳನ್ನು. 1938ರ ನವೆಂಬರ್ 14ರಂದು, 85ನೇ ವಯಸ್ಸಿನಲ್ಲಿ ಗ್ರಾಂ ತೀರಿಕೊಂಡಾಗ ಪೆನಿಸಿಲಿನ್ ಇನ್ನೂ ಆಸ್ಪತ್ರೆಗಳಿಗೆ ಬಂದಿರಲಿಲ್ಲ.