ಸರ್ ಎಂ.ವಿ. ಓದಿದ ಶಾಲೆಗಳು, ಕಟ್ಟಿದ ಶಾಲೆಗಳು

ಸೆಪ್ಟೆಂಬರ್ 15 ಬಂತು ಅಂದ್ರೆ ಯಾವ ಇಂಜಿನಿಯರಿಂಗ್ ಕಾಲೇಜಿನಲ್ಲಾದ್ರೂ ಒಂದು ಫೋಟೋ, ಒಂದು ಹಾರ, ಒಂದು ಭಾಷಣ ಇದ್ದೇ ಇರುತ್ತೆ. ಭಾಷಣದಲ್ಲಿ ಕನ್ನಂಬಾಡಿ ಕಟ್ಟೆ, ಸ್ವಯಂಚಾಲಿತ ಗೇಟು, ಭಾರತ ರತ್ನ ಮೂರೂ ಬರುತ್ತವೆ. ಆಮೇಲೆ ಎಲ್ಲರೂ ಕ್ಯಾಂಟೀನಿಗೆ. ಪೇಟ ತೊಟ್ಟ ಆ ಹಿರಿಯರ ಫೋಟೋ ನೋಡಿ ನೋಡಿ, ಅವರೂ ಒಂದು ಕಾಲದಲ್ಲಿ ನಮ್ಮ ವಯಸ್ಸಿನ ಹುಡುಗ ಆಗಿದ್ರು, ಖರ್ಚಿಗೆ ದುಡ್ಡಿಲ್ಲದೆ ಟ್ಯೂಷನ್ ಹೇಳಿ ಓದಿದ್ರು ಅನ್ನೋದು ನಮಗೆ ನೆನಪೇ ಆಗಲ್ಲ. ಅದಕ್ಕೆ ಈ ಸಲ ಅಣೆಕಟ್ಟು ಬಿಟ್ಟು, ವಿಶ್ವೇಶ್ವರಯ್ಯನವರು ಓದಿದ ಶಾಲೆಗಳು ಮತ್ತು ಆಮೇಲೆ ಅವರು ಕಟ್ಟಿದ ಶಾಲೆಗಳ ಬಗ್ಗೆ ಬರೀತಿದ್ದೀನಿ. ಇವೆರಡಕ್ಕೂ ಒಂದು ನೇರ ಸಂಬಂಧ ಇದೆ.

ಯಲಹಂಕದಿಂದ ಬಳ್ಳಾರಿ ರಸ್ತೆ ಹಿಡಿದು ದೇವನಹಳ್ಳಿ ದಾಟಿ ಹೋದ್ರೆ ಚಿಕ್ಕಬಳ್ಳಾಪುರ ಸಿಗುತ್ತೆ. ಅದರ ಹತ್ತಿರ, ನಂದಿ ಬೆಟ್ಟದ ಸಾಲಿನ ಮಗ್ಗುಲಲ್ಲಿ ಇರೋದು ಮುದ್ದೇನಹಳ್ಳಿ. ಭಾನುವಾರ ಬೆಳಗ್ಗೆ ನಂದಿಗೆ ಬೈಕಲ್ಲಿ ಹೋಗೋ ನಾವೆಲ್ಲ ಆ ಊರಿನ ಪಕ್ಕದಲ್ಲೇ ಹಾದು ಬಂದಿರ್ತೀವಿ. 1860ರ ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯ ಹುಟ್ಟಿದ್ದು ಅಲ್ಲಿ. ಮನೆತನದ ಮೂಲ ಆಂಧ್ರದ ಮೋಕ್ಷಗುಂಡಂ, ಅದೇ ಹೆಸರಿನ ಮೊದಲ ಅಕ್ಷರ ಆಯ್ತು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಮನೆಯಲ್ಲಿ ವಿದ್ಯೆ ಇತ್ತು, ಹಣ ಇರಲಿಲ್ಲ. ಶಾಲೆ ಶುರುವಾಗಿದ್ದು ಚಿಕ್ಕಬಳ್ಳಾಪುರದಲ್ಲಿ. ಹುಡುಗ ಇನ್ನೂ ಓದುತ್ತಿದ್ದಾಗಲೇ ತಂದೆ ತೀರಿಕೊಂಡರು.

ಆ ಕಾಲದಲ್ಲಿ ಹಳ್ಳಿ ಹುಡುಗನ ಓದು ಅಲ್ಲಿಗೇ ನಿಲ್ಲೋದು ದೊಡ್ಡ ವಿಷಯ ಆಗಿರಲಿಲ್ಲ. ಇವರ ಓದು ನಿಲ್ಲದೇ ಇದ್ದಿದ್ದಕ್ಕೆ ಕಾರಣ ಬೆಂಗಳೂರಲ್ಲಿದ್ದ ಸೋದರಮಾವ ರಾಮಯ್ಯನವರು. ಅವರ ಆಸರೆಯಲ್ಲಿ ಹುಡುಗ ಬೆಂಗಳೂರಿಗೆ ಬಂದು ವೆಸ್ಲಿಯನ್ ಮಿಷನ್ ಹೈಸ್ಕೂಲಿಗೆ ಸೇರಿದ. ಅದು ಸರ್ಕಾರದ ಶಾಲೆ ಅಲ್ಲ, ಕ್ರೈಸ್ತ ಮಿಷನರಿಗಳು ನಡೆಸುತ್ತಿದ್ದ ಖಾಸಗಿ ಶಾಲೆ. ಆಗ ಇಂಥ ಹೈಸ್ಕೂಲುಗಳ ದೊಡ್ಡ ಕೆಲಸವೇ ಹುಡುಗರನ್ನ ಮದ್ರಾಸ್ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ತಯಾರು ಮಾಡೋದು. ಮೈಸೂರು ಸಂಸ್ಥಾನಕ್ಕೆ ಆಗ ತನ್ನದೇ ವಿಶ್ವವಿದ್ಯಾಲಯ ಇರಲಿಲ್ಲ. ಪ್ರಶ್ನೆಪತ್ರಿಕೆ ಮದ್ರಾಸಿನದು, ಭಾಷೆ ಇಂಗ್ಲಿಷು. ಮಿಷನ್ ಶಾಲೆ ಅಂದ್ಮೇಲೆ ಬೈಬಲ್ ಪಾಠ ದಿನಚರಿಯ ಭಾಗ. ಸಂಸ್ಕೃತ ವಿದ್ವಾಂಸರ ಮಗ ಅಂಥ ಶಾಲೆಯ ಬೆಂಚಿನ ಮೇಲೆ ಕೂತು, ಮನೆಯಲ್ಲಿ ಯಾರೂ ಆಡದ ಭಾಷೆಯಲ್ಲಿ ಲೆಕ್ಕ, ಚರಿತ್ರೆ, ಭೂಗೋಳ ಕಲಿಯಬೇಕಿತ್ತು. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಕನ್ನಡ ಬರೆಯೋಕೆ ತಡಬಡಾಯಿಸೋ ನಮ್ಮಂಥವರದ್ದು ಇದರ ಉಲ್ಟಾ ಕಥೆ.

ಮುಂದೆ ಸೆಂಟ್ರಲ್ ಕಾಲೇಜು. 1858ರಲ್ಲಿ ಸರ್ಕಾರಿ ಹೈಸ್ಕೂಲಾಗಿ ಶುರುವಾದ ಆ ಸಂಸ್ಥೆಗೆ 1875ರಲ್ಲಿ ಸೆಂಟ್ರಲ್ ಕಾಲೇಜು ಅನ್ನೋ ಹೆಸರು ಬಂತು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಇವರು ಅಲ್ಲಿಗೆ ಬಂದರು. ಖರ್ಚಿಗೆ ದಾರಿ ಬೇಕಿತ್ತು. ಕೊಡಗಿನ ಒಂದು ಅನುಕೂಲಸ್ಥ ಕುಟುಂಬದ ಮಕ್ಕಳಿಗೆ ಮನೆಪಾಠ ಹೇಳೋ ಕೆಲಸ ಸಿಕ್ತು. ಬೆಳಗ್ಗೆ ಕಾಲೇಜಲ್ಲಿ ವಿದ್ಯಾರ್ಥಿ, ಅದೇ ದಿನ ಇನ್ನೊಂದು ಮನೆಯಲ್ಲಿ ಮೇಷ್ಟ್ರು. ಪಾಠ ಹೇಳೋಕೆ ಹೋದ್ರೆ ನಮಗೇ ವಿಷಯ ಸರಿಯಾಗಿ ಅರ್ಥ ಆಗುತ್ತೆ ಅನ್ನೋದು ಇಂಟರ್ನಲ್ಸ್ ಹಿಂದಿನ ರಾತ್ರಿ ಫ್ರೆಂಡ್ಸ್‌ಗೆ ಹೇಳಿಕೊಟ್ಟವರಿಗೆಲ್ಲ ಗೊತ್ತು. ಇವರಿಗೆ ಅದು ದಿನಾ ಇತ್ತು, ಹೊಟ್ಟೆಪಾಡೂ ಅದರಿಂದಲೇ ಆಗಬೇಕಿತ್ತು.

ಕಾಲೇಜಿನ ಪ್ರಿನ್ಸಿಪಾಲ್ ಚಾರ್ಲ್ಸ್ ವಾಟರ್ಸ್ ಈ ಹುಡುಗನನ್ನ ಗಮನಿಸಿದರು. ಗಣಿತದಲ್ಲಿದ್ದ ಚುರುಕು ಅವರಿಗೆ ಹಿಡಿಸಿತು. ವೆಬ್‌ಸ್ಟರ್ ನಿಘಂಟಿನ ಒಂದು ಪ್ರತಿಯನ್ನ ಉಡುಗೊರೆಯಾಗಿ ಕೊಟ್ಟರು. ಫೋನಿನಲ್ಲಿ ಅರ್ಥ ಹುಡುಕೋ ನಮಗೆ ಅದರ ಬೆಲೆ ಗೊತ್ತಾಗಲ್ಲ. ಸ್ವಂತಕ್ಕೆ ಪುಸ್ತಕ ಕೊಳ್ಳೋ ಶಕ್ತಿ ಇಲ್ಲದ ಹುಡುಗನಿಗೆ ಒಂದು ದಪ್ಪ ನಿಘಂಟು ಅಂದ್ರೆ ಹೆಚ್ಚುಕಮ್ಮಿ ಒಂದು ಲೈಬ್ರರಿ ಇದ್ದ ಹಾಗೆ.

ಇವರು ಕಾಲೇಜಲ್ಲಿದ್ದ ವರ್ಷಗಳಲ್ಲೇ, 1876ರಿಂದ 1878ರವರೆಗೆ, ಮೈಸೂರು ಸೀಮೆಗೆ ಭೀಕರ ಬರ ಬಂತು. ಸುಮಾರು 50 ಲಕ್ಷ ಜನ ಇದ್ದ ಸಂಸ್ಥಾನದಲ್ಲಿ ಹತ್ತಿರ ಹತ್ತಿರ 10 ಲಕ್ಷ ಜನ ಸತ್ತರು. ಐದರಲ್ಲಿ ಒಬ್ಬರು. ಬೆಂಗಳೂರಲ್ಲಿ ಕೂತು ಲೆಕ್ಕ ಬಿಡಿಸುತ್ತಿದ್ದ ಹದಿನೇಳು ಹದಿನೆಂಟು ವರ್ಷದವರ ಸುತ್ತ ಇದ್ದ ಜಗತ್ತು ಇದು. ಮುಂದೆ ಇವರು ಜೀವಮಾನವೆಲ್ಲ ನೀರು, ಕಟ್ಟೆ, ನಾಲೆ ಅಂತಲೇ ಓಡಾಡಿದ್ದನ್ನ ನೋಡುವಾಗ ಈ ವರ್ಷಗಳನ್ನ ಮರೆಯಬಾರದು.

ಇಪ್ಪತ್ತರ ಆಸುಪಾಸಿನಲ್ಲಿ ಬಿ.ಎ. ಮುಗೀತು. ಡಿಗ್ರಿ ಮದ್ರಾಸ್ ವಿಶ್ವವಿದ್ಯಾಲಯದ್ದು. ಇಂಜಿನಿಯರ್ ಆಗಬೇಕು ಅಂದ್ರೆ ಮೈಸೂರಲ್ಲಿ ಪದವಿ ಕೊಡೋ ಕಾಲೇಜೇ ಇಲ್ಲ. ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟಿತು, ಇವರು ಪುಣೆಯ ಸೈನ್ಸ್ ಕಾಲೇಜಿಗೆ ಹೋದರು. 1883ರಲ್ಲಿ ಎಲ್.ಸಿ.ಇ. ಪರೀಕ್ಷೆಯಲ್ಲಿ ಮೊದಲ ಸ್ಥಾನ, ಜೇಮ್ಸ್ ಬರ್ಕ್ಲಿ ಬಹುಮಾನ. 1884ರಲ್ಲಿ ಬೊಂಬಾಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಕೆಲಸ. ಖಡಕ್‌ವಾಸ್ಲಾ ಗೇಟು, ಏಡನ್ ಬಂದರಿನ ನೀರಿನ ಯೋಜನೆ, ಹೈದರಾಬಾದಿನ ಪ್ರವಾಹ ನಿಯಂತ್ರಣ ಎಲ್ಲ ಆಮೇಲಿನ ಕಥೆ, ಅದನ್ನ ಭಾಷಣದಲ್ಲಿ ಕೇಳಿರ್ತೀರಿ. 1909ರಲ್ಲಿ ಮೈಸೂರಿಗೆ ಚೀಫ್ ಇಂಜಿನಿಯರ್ ಆಗಿ ವಾಪಸ್ ಬಂದರು. 1912ರಲ್ಲಿ ದಿವಾನರಾದರು.

ಇಲ್ಲಿ ಒಂದು ಲೆಕ್ಕ ಹಾಕಿ ನೋಡಿ. ಈ ಹುಡುಗ ಓದೋಕೆ ಏನೇನು ಬೇಕಾಯ್ತು? ಆಸರೆ ಕೊಡೋ ಮಾವ, ಸೇರಿಸಿಕೊಳ್ಳೋ ಒಂದು ಮಿಷನ್ ಶಾಲೆ, ಟ್ಯೂಷನ್ ಕೊಟ್ಟ ಒಂದು ಮನೆ, ಗಮನಿಸಿದ ಒಬ್ಬ ಪ್ರಿನ್ಸಿಪಾಲ್, ಸರ್ಕಾರದ ಒಂದು ವಿದ್ಯಾರ್ಥಿವೇತನ. ಐದರಲ್ಲಿ ಒಂದು ತಪ್ಪಿದ್ರೂ ಸರ್ ಎಂ.ವಿ. ಇಲ್ಲ. ಐದರಲ್ಲಿ ನಾಲ್ಕು ಬರೀ ಅದೃಷ್ಟ.

ದಿವಾನರಾದ ಮೇಲೆ ಅವರು ಮಾಡಿದ ಕೆಲಸಗಳ ಪಟ್ಟಿಯನ್ನ ಈ ಲೆಕ್ಕದ ಪಕ್ಕದಲ್ಲಿ ಇಟ್ಟರೆ ಎರಡೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಹಳ್ಳಿ ಮಕ್ಕಳ ಓದು ಮನೆಯವರ ಮರ್ಜಿಗೆ ಬಿಟ್ಟಿದ್ದಾಗಿರಬಾರದು ಅಂತ 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ಕಾನೂನು ಬಂತು, ಮೊದಲು ಆಯ್ದ ಊರುಗಳಲ್ಲಿ. ಪರೀಕ್ಷೆಗೆ ಮದ್ರಾಸಿನ ಕಡೆ ನೋಡೋದು ತಪ್ಪಲಿ ಅಂತ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ. ಇಂಜಿನಿಯರಿಂಗ್‌ಗೆ ಪುಣೆಗೆ ಹೋಗೋದು ತಪ್ಪಲಿ ಅಂತ 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು. ಕೆ.ಆರ್. ವೃತ್ತದ ಹತ್ತಿರ ಇರೋ ಇವತ್ತಿನ ಯು.ವಿ.ಸಿ.ಇ. ಅದೇ. ತನ್ನ ಓದಿನ ದಾರಿಯಲ್ಲಿ ಎಲ್ಲೆಲ್ಲಿ ಗುಂಡಿ ಸಿಕ್ಕಿತ್ತೋ ಅಲ್ಲಲ್ಲಿ ಹಿಂದಿನಿಂದ ಬರೋರಿಗೆ ಸೇತುವೆ ಹಾಕಿಕೊಂಡು ಹೋದ ಹಾಗಿದೆ.

ನಮ್ಮ ಉತ್ತರ ಬೆಂಗಳೂರಲ್ಲೂ ಇದರ ಗುರುತು ಇದೆ. ಹೆಬ್ಬಾಳದಲ್ಲಿ 1899ರಲ್ಲಿ, ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿದ್ದಾಗ, 30 ಎಕರೆಯಲ್ಲಿ ಒಂದು ಪ್ರಯೋಗ ತೋಟ ಶುರುವಾಗಿತ್ತು. 1913ರಲ್ಲಿ ಅಲ್ಲಿ ವಸತಿ ಸಮೇತ ಕೃಷಿ ಶಾಲೆ ತೆರೆಯಿತು. ಅದೇ 1946ರಲ್ಲಿ ಕೃಷಿ ಕಾಲೇಜಾಗಿ, ಮುಂದೆ ಕೃಷಿ ವಿಶ್ವವಿದ್ಯಾಲಯಕ್ಕೆ ಬುನಾದಿ ಆಯ್ತು. ಫ್ಲೈಓವರ್ ಮೇಲೆ ಟ್ರಾಫಿಕ್‌ನಲ್ಲಿ ನಿಂತಾಗ ಬೈಕೊಳ್ಳೋ ಹೆಬ್ಬಾಳ ಒಂದು ಕಾಲದಲ್ಲಿ ಶಾಲೆಗೆ ಹೆಸರಾಗಿತ್ತು. ಯಶವಂತಪುರ, ಯಲಹಂಕ, ದೇವನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗೋ ನ್ಯಾರೋಗೇಜ್ ರೈಲು ಬಂದಿದ್ದೂ ಅವರ ದಿವಾನಗಿರಿಯ ಕಾಲದಲ್ಲೇ. ಅವರು ಹುಡುಗನಾಗಿದ್ದಾಗ ಆ ದಾರಿಯಲ್ಲಿ ರೈಲು ಇರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ರೆ ಇದೂ ಒಂದು ಹಾರ ಹಾಕೋ ಭಾಷಣ ಆಗಿಬಿಡುತ್ತೆ. 1918ರಲ್ಲಿ ನಡೆದಿದ್ದನ್ನೂ ಹೇಳಬೇಕು. ಆಗ ಸಂಸ್ಥಾನದ ಸರ್ಕಾರಿ ಕೆಲಸಗಳಲ್ಲಿ, ಅದರಲ್ಲೂ ದೊಡ್ಡ ಹುದ್ದೆಗಳಲ್ಲಿ, ಬಹುಪಾಲು ಬ್ರಾಹ್ಮಣರೇ ಇದ್ದರು. ಬೇರೆ ಸಮುದಾಯದವರು ಪ್ರಜಾಮಿತ್ರ ಮಂಡಳಿ ಕಟ್ಟಿಕೊಂಡು ಮಹಾರಾಜರಿಗೆ ಮನವಿ ಕೊಟ್ಟರು. ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆ ಆಗಲಿಲ್ಲ. ಎಲ್ಲರಿಗೂ ಶಿಕ್ಷಣ ಕೊಡೋಣ, ಆದ್ರೆ ನೇಮಕ ಅರ್ಹತೆ ಮೇಲೇ ಆಗಲಿ ಅನ್ನೋದು ಅವರ ನಿಲುವು. 1918ರ ಕೊನೆಯಲ್ಲಿ ದಿವಾನಗಿರಿ ಬಿಟ್ಟರು. ಸಮಿತಿ 1919ರಲ್ಲಿ ವರದಿ ಕೊಟ್ಟು, ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಬ್ರಾಹ್ಮಣೇತರರಿಗೆ ಸಿಗಬೇಕು ಅಂತ ಶಿಫಾರಸು ಮಾಡಿತು.

ನನಗೆ ಕಾಡೋದು ಇದು. ಅರ್ಹತೆ ತಯಾರಾಗೋಕೆ ಎಷ್ಟು ಜನರ ಕೈ ಬೇಕು ಅನ್ನೋದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು? ಬಡತನ ಅವರಿಗೆ ಗೊತ್ತಿತ್ತು, ಅದಕ್ಕೇ ಶಾಲೆ ಕಟ್ಟಿದರು. ಆದ್ರೆ ಅಷ್ಟೇ ಬಡತನ ಇದ್ದೂ, ಮನೆಯಲ್ಲಿ ತಲೆತಲಾಂತರದ ಓದು ಇಲ್ಲದ, ಊರಿನ ಶಾಲೆಯೊಳಗೇ ಬಿಟ್ಟುಕೊಳ್ಳದ ಹುಡುಗ ಆ ಮಿಷನ್ ಶಾಲೆಯ ಬೆಂಚಿನವರೆಗೂ ಬರೋದೇ ಕಷ್ಟ ಇತ್ತು. ಆ ಗುಂಡಿ ಅವರು ನಡೆದ ದಾರಿಯಲ್ಲಿ ಇರಲಿಲ್ಲ. ಹಾಗಾಗಿ ಅವರ ನಕ್ಷೆಯಲ್ಲೂ ಬರಲಿಲ್ಲ ಅಂತ ನನಗನ್ನಿಸುತ್ತೆ. ಇದರಿಂದ ಅವರ ಕೆಲಸ ಚಿಕ್ಕದಾಗಲ್ಲ. ಆದ್ರೆ ಸಿಇಟಿ ರ‍್ಯಾಂಕು, ಸೀಟು, ಮೆರಿಟ್ಟು ಅಂತ ಹಾಸ್ಟೆಲ್ಲಿನಲ್ಲಿ ನಾವು ವಾದ ಮಾಡುವಾಗ ಅವರ ಹೆಸರನ್ನ ಒಂದೇ ಕಡೆಗೆ ಎಳೆಯೋದು ಸರಿಯಲ್ಲ. ಅವರ ಜೀವನವೇ ಎರಡೂ ಕಡೆಯ ಸಾಕ್ಷಿ.

ಅಧಿಕಾರ ಬಿಟ್ಟ ಮೇಲೂ ಶಾಲೆಯ ಚಿಂತೆ ಅವರನ್ನ ಬಿಡಲಿಲ್ಲ. 1920ರ ದಶಕದಲ್ಲಿ ಭದ್ರಾವತಿ ಕಬ್ಬಿಣದ ಕಾರ್ಖಾನೆಯನ್ನ ನಷ್ಟದಿಂದ ಎತ್ತಿ ನಿಲ್ಲಿಸಿದರು. ಅದಕ್ಕೆ ತಮಗೆ ಸಲ್ಲಬೇಕಿದ್ದ ಹಣವನ್ನ ಕೈಕಸುಬು, ಯಂತ್ರದ ಕೆಲಸ ಕಲಿಸೋ ಸಂಸ್ಥೆಗೆ ಬಳಸಿ ಅಂದರು. 1943ರಲ್ಲಿ ಬೆಂಗಳೂರಲ್ಲಿ ಅದು ಶುರುವಾಯ್ತು. ತಮ್ಮ ಹೆಸರು ಬೇಡ ಅಂದಿದ್ದರಿಂದ ಮಹಾರಾಜರ ಹೆಸರಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಆಯ್ತು. ಇವತ್ತಿನ ಎಸ್.ಜೆ.ಪಿ. ಅದೇ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದು ನಮ್ಮ ಪಕ್ಕ ಕೂರೋ ಗೆಳೆಯರ ದಾರಿ ಅಂಥ ಸಂಸ್ಥೆಗಳಿಂದಲೇ ಶುರುವಾಗುತ್ತೆ. 1955ರಲ್ಲಿ ಭಾರತ ರತ್ನ ಬಂತು. 1962ರ ಏಪ್ರಿಲ್ 14ರಂದು, ನೂರೊಂದು ದಾಟಿದ ವಯಸ್ಸಿನಲ್ಲಿ, ಬೆಂಗಳೂರಲ್ಲಿ ತೀರಿಕೊಂಡರು. ಸಮಾಧಿ ಇರೋದು ಮುದ್ದೇನಹಳ್ಳಿಯಲ್ಲಿ.

ಅಣೆಕಟ್ಟು ಕಟ್ಟೋ ಅವಕಾಶ ನಮ್ಮಲ್ಲಿ ಎಷ್ಟು ಜನಕ್ಕೆ ಸಿಗುತ್ತೋ ಏನೋ. ಆದ್ರೆ ನಾವು ಓದಿದ ದಾರಿಯಲ್ಲಿ ಸಿಕ್ಕ ಗುಂಡಿಗಳು ಪ್ರತಿಯೊಬ್ಬರಿಗೂ ನೆನಪಿವೆ. ನಮಗೆ ಸಿಗದೇ ಇದ್ದ, ಬೇರೆಯವರಿಗೆ ಸಿಕ್ಕ ಗುಂಡಿಗಳನ್ನ ಮಾತ್ರ ಪಕ್ಕದಲ್ಲಿ ಕೂತವರನ್ನ ಕೇಳಿಯೇ ತಿಳ್ಕೋಬೇಕು. ಈ ಸಲ ಸೆಪ್ಟೆಂಬರ್ 15ಕ್ಕೆ ಹಾರದ ಜೊತೆ ಅದನ್ನೂ ಮಾಡೋಣ.